ಮುಷ್ಟಿ ಬಿಡಿಸುವ ನಜೀಮಾ

ಬೆಳಗಿನ ಆರು ಗಂಟೆ. ಗುಂಡ್ಲುಪೇಟೆಯ ಸಣ್ಣ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ನಜೀಮಾ ಕೈ ತೊಳೆದು, ತಣ್ಣಗಾದ ಬೆರಳುಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಎದುರಿನವರ ಕೈ ಹಿಡಿಯುತ್ತಾರೆ.

ಮೊದಲು ಕೂತವರು ಹಂಗಳದ ಚಿಕ್ಕಬಸವಯ್ಯ. ಎರಡು ವರ್ಷದ ಹಿಂದೆ ಹೆಂಡತಿ ಮಲ್ಲಾಜಮ್ಮ ಕೊಟ್ಟ ಕಿಡ್ನಿಯನ್ನು ಅವರಿಗೆ ಕಸಿ ಮಾಡಲಾಗಿದೆ. ಹೋದ ತಿಂಗಳು ಬೇರೆಲ್ಲೋ ಮಾಡಿಸಿದ ಪರೀಕ್ಷೆಯಲ್ಲಿ ಹತ್ತರ ಆಸುಪಾಸಿನಲ್ಲಿರಬೇಕಾದ ರಕ್ತದ ಕ್ಯಾಲ್ಸಿಯಂ ಹನ್ನೊಂದು ದಾಟಿತ್ತು. ಈ ಸಲವೂ ಹಾಗೇ ಬಂದರೆ ಕ್ಯಾಲ್ಸಿಯಂ ಏರಿಸುವ ಕತ್ತಿನ ಗ್ರಂಥಿಗೆ ಆಪರೇಷನ್ ಆಗಬೇಕಾದೀತು ಎಂದಿದ್ದಾರೆ ಡಾಕ್ಟರು.

ಕಸಿಗೆ ಮುಂಚೆ ಡಯಾಲಿಸಿಸ್‌ಗೆಂದು ನರ ಜೋಡಿಸಿದ್ದ ಎಡಗೈಗೆ ನಜೀಮಾ ಸೂಜಿ ಹಾಕುವುದಿಲ್ಲ. ಬಲಗೈಯಲ್ಲಿ ನರ ಸುಲಭಕ್ಕೆ ಸಿಗದು. ನೆರವಾಗಲೆಂದು ಚಿಕ್ಕಬಸವಯ್ಯ ಮುಷ್ಟಿ ಬಿಗಿದು ಬಿಟ್ಟು ಮಾಡತೊಡಗುತ್ತಾರೆ.

“ಏನ್ ಯಜಮಾನ್ರೆ, ಹಾಲು ಕರೀತಿದ್ದೀರಾ?”

“ರಕ್ತ ಬೇಗ ಬರ್ಲಿ ಅಂತ ಕಣವ್ವ. ಓದ್ಸಲನೂ ಅಂಗೇ ಮಾಡ್ಬುಟ್ಟೆ. ಆ ಲ್ಯಾಬ್ನೋರು ತೋಳ್ಗೆ ಪಟ್ಟಿ ಕಟ್ಬುಟ್ಟು ಫೋನಲ್ಲಿ ಮಾತಾಡ್ತಾ ನಿಂತ್ಕಂಡ್ರು.”

ನಜೀಮಾ ತಲೆಯೆತ್ತುತ್ತಾರೆ. ಪಟ್ಟಿ ಬಹಳ ಹೊತ್ತು ಬಿಗಿದಿದ್ದರೆ, ಮುಷ್ಟಿ ಹಿಸುಕುತ್ತಲೇ ಇದ್ದರೆ, ಕ್ಯಾಲ್ಸಿಯಂ ಇದ್ದದ್ದಕ್ಕಿಂತ ಹೆಚ್ಚು ಕಾಣಬಹುದು. ಅವರು ಹತ್ತಿಯ ಉಂಡೆಯೊಂದನ್ನು ಚಿಕ್ಕಬಸವಯ್ಯನವರ ಅಂಗೈಯಲ್ಲಿಡುತ್ತಾರೆ.

“ಇದು ಗುಬ್ಬಚ್ಚಿ ಮರಿ ಅನ್ಕಳಿ. ಅದುಮ್ಬುಟ್ಟೀರ!”

“ಮೂವತ್ತೊರ್ಸ ನನ್ ಮಾತು ಕೇಳ್ನಿಲ್ಲ, ಗುಬ್ಬಚ್ಚಿಗೆ ಎದ್ರಕತಾವ್ರೆ ನೋಡು ನಜೀಮಕ್ಕ” ಎನ್ನುತ್ತಾರೆ ಬಾಗಿಲ ಬಳಿ ನಿಂತ ಮಲ್ಲಾಜಮ್ಮ.

ಕೈ ಸಡಿಲವಾಗುತ್ತದೆ. ಪಟ್ಟಿ ಕಟ್ಟದೆ, ಬೆರಳತುದಿಯಲ್ಲೇ ನರ ಹುಡುಕಿ ನಜೀಮಾ ಸೂಜಿ ಇಳಿಸುತ್ತಾರೆ. ಮೊದಲು ಕೆಂಪು ಮುಚ್ಚಳದ ಟ್ಯೂಬು, ಕ್ಯಾಲ್ಸಿಯಂಗೆ. ಆಮೇಲೆ ನೇರಳೆ ಮುಚ್ಚಳದ್ದು, ಬಿಳಿ ರಕ್ತಕಣಗಳಿಗೆ. ದೇಹ ಹೊಸ ಕಿಡ್ನಿಯನ್ನು ಹೊರಗಿನದೆಂದು ತಳ್ಳದಂತೆ ಮಾತ್ರೆಗಳು ಈ ಕಣಗಳನ್ನು ಹದ್ದುಬಸ್ತಿನಲ್ಲಿಡುತ್ತವೆ. ತೀರಾ ಅಡಗಿಸಿದರೆ ಸೋಂಕು ಹತ್ತುತ್ತದೆ. ಆ ಕಣಗಳು ಕೆಲಸಕ್ಕೆ ಏಳಲೂ ಕ್ಯಾಲ್ಸಿಯಂ ಬೇಕು. ಕತ್ತಿನ ಗ್ರಂಥಿಗಾಗಿ ಕ್ಯಾಲ್ಸಿಯಂ, ಸೋಂಕಿನ ಭಯಕ್ಕೆ ಬಿಳಿ ಕಣ, ಡಾಕ್ಟರು ಎರಡನ್ನೂ ಕೇಳುತ್ತಾರೆ. ನೇರಳೆ ಟ್ಯೂಬಿನಲ್ಲಿರುವ ಔಷಧಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಅದರ ತೊಟ್ಟು ಕೆಂಪಿಗೆ ಸೇರಿದರೂ ವರದಿ ಕೆಡುತ್ತದೆ.

ಐವತ್ತೆರಡರ ನಜೀಮಾ ಚಾಮರಾಜನಗರದ ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ ಆಗಿದ್ದವರು. ಗಂಡ ತೀರಿಕೊಂಡ ಮೇಲೆ ಓದಿ ಡಿಪ್ಲೊಮಾ ಮಾಡಿಕೊಂಡರು. ದಿನಕ್ಕೆ ನಲವತ್ತು ಕೈ ಹಿಡಿಯುತ್ತಾರೆ. ಮಂಡಿ ನೋವಿದ್ದರೂ ಕೂರುವುದು ಹನ್ನೊಂದು ಗಂಟೆಯ ಮೇಲೆ. ವರದಿಯಲ್ಲಿ ಅವರ ಹೆಸರಿರುವುದಿಲ್ಲ. ಕೇಳಿದರೆ ಅನ್ನುತ್ತಾರೆ:

“ನನ್ ಎಸ್ರು ಯಾಕ್ ಬುಡಿ. ಕೈಯಿಡಕ್ಕೆ ಅಗಲ ಹಿಡಿ ಇರೋ ಒಂದು ಕುರ್ಚಿ ತರ್ಸುದ್ರೆ ಸಾಕು. ಕೈ ಆರಾಮಾಗಿದ್ರೆ ಯಾರೂ ಮುಷ್ಟಿ ಹಿಡಿಯಕಿಲ್ಲ.”

ಮಧ್ಯಾಹ್ನ ವರದಿ ಬರುತ್ತದೆ. ಕ್ಯಾಲ್ಸಿಯಂ ಒಂಬತ್ತು ಪಾಯಿಂಟ್ ಒಂಬತ್ತು. ಸದ್ಯಕ್ಕೆ ಆಪರೇಷನ್ ಬೇಡ, ಮುಂದಿನ ತಿಂಗಳು ಮತ್ತೆ ನೋಡೋಣ ಎಂದು ಡಾಕ್ಟರು ಫೋನಿನಲ್ಲಿ ಹೇಳುತ್ತಾರೆ. ಚಿಕ್ಕಬಸವಯ್ಯ ಚಪ್ಪಲಿ ಮೆಟ್ಟಲು ಹೊರಗೆ ಹೋಗುತ್ತಾರೆ. ಮಲ್ಲಾಜಮ್ಮ ಮಾತ್ರ ಬೆಳಗಿನಿಂದ ನಿಂತಿದ್ದ ಬಾಗಿಲ ಬಳಿಯೇ ಇದ್ದಾರೆ, ಸೆರಗಿನ ತುದಿಯನ್ನು ಅದುಮಿ ಹಿಡಿದು.

ನಜೀಮಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

“ನಿನ್ ರಕ್ತ ಯಾರ್ ಕೇಳುದ್ರು ಮಲ್ಲಾಜಮ್ಮ? ಮುಷ್ಟಿ ಬುಡು.”