ನವಿಲಿನ ಮನೆತನ ವಿಚಾರಿಸಿದ್ದು

"ವೈನಿ, ನಾ ಒಂದು ನವಿಲು ತಗೊಳ್ಳಾಕತ್ತೇನಿ."

ಹೋದ ವಾರ ನನ್ನ ಮೈದುನ ಫಕ್ಕೀರೇಶ ಹೀಗೆಂದಾಗ ಗಾಬರಿಯಾದೆ. ನವಿಲು ಸಾಕಿದರೆ ಅರಣ್ಯ ಇಲಾಖೆಯವರು ಸುಮ್ಮನಿರುತ್ತಾರೆಯೇ? ಆಮೇಲೆ ತಿಳಿಯಿತು, ಇದು ಕೂಗುವ ನವಿಲಲ್ಲ, ಎನ್‌ಎಫ್‌ಟಿ ನವಿಲು. ಅಂದರೆ ಕಂಪ್ಯೂಟರಿನೊಳಗಿನ ಒಂದು ಚಿತ್ರ. 'ಇದರ ಒಡೆಯ ಇಂಥವನು' ಅಂತ ಆನ್‌ಲೈನ್‌ನಲ್ಲಿ ಒಂದು ದಾಖಲೆ ಇರುತ್ತದೆ, ಅಷ್ಟೇ. (ಚಿತ್ರವನ್ನು ಯಾರು ಬೇಕಾದರೂ ನೋಡಬಹುದು. ಹಾಗಾದರೆ ಕೊಳ್ಳುವುದು ಏನನ್ನು? ನಾನೂ ಅದನ್ನೇ ಕೇಳಿದೆ. ಅವನು ನೀರು ಕುಡಿಯಲು ಎದ್ದು ಹೋದ.)

ಫಕ್ಕೀರೇಶನದು ಹಾನಗಲ್ ಬಸ್ ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ. ಮದುವೆ ಸೀಸನ್ನಿಗೆ ಹೊಸ ಕ್ಯಾಮೆರಾ ತರಬೇಕೆಂದು ಬಹಳ ದಿನದಿಂದ ದುಡ್ಡು ಕೂಡಿಡುತ್ತಿದ್ದ. ಹಳೆಯದು ಬಟನ್ ಒತ್ತಿದ ಮೇಲೆ ಯೋಚನೆ ಮಾಡಿ ಕ್ಲಿಕ್ ಆಗುತ್ತದೆ. ಅಷ್ಟರಲ್ಲಿ ಅಕ್ಷತೆ ನೆಲಕ್ಕೆ ಬಿದ್ದಿರುತ್ತದೆ. ಆ ಕ್ಯಾಮೆರಾದ ದುಡ್ಡನ್ನೇ ಈಗ ನವಿಲಿನ ಮೇಲೆ ಹಾಕಲು ಹೊರಟಿದ್ದ.

"ಹೊಸಾದಲ್ಲ ವೈನಿ, ಸೆಕೆಂಡರಿ ಮಾರ್ಕೆಟ್‌ನಾಗ. ಮೊದಲ ತಗೊಂಡಾಂವ ಮಾರಾಕತ್ತಾನ. ಈಗ ರೇಟ್ ಇಳದೈತಿ, ನಾಳಿ ಏರತೈತಿ."

"ಏರತೈತಿ ಅಂದ್ರ ಅಂವ ಯಾಕ ಮಾರಾಕತ್ತಾನೋ?"

"ಗ್ರೂಪ್‌ನಾಗ ಎಲ್ಲಾರೂ ಚಲೋ ಐತಿ ಅಂತಾರ್ರಿ."

ಯಾರ ಗ್ರೂಪು? ನವಿಲು ಮಾರುವವರದೇ ಗ್ರೂಪು!

ನನಗೆ ಅಪ್ಪ ನೆನಪಾದರು. ನನ್ನ ತವರು ಹಿರೇಬೆಂಡಿಗೇರಿಯಲ್ಲಿ ಹೆಣ್ಣು ಕೊಡುವ ಮುಂಚೆ ವರನ ಬಗ್ಗೆ ವರನ ಮನೆಯವರನ್ನು ಕೇಳುವುದಿಲ್ಲ. ಕೇಳಿದರೆ ಅವರು ಕೆಟ್ಟದ್ದು ಹೇಳುತ್ತಾರೆಯೇ? ಓಣಿಯಲ್ಲಿ ಕೇಳುತ್ತಾರೆ, ಕಿರಾಣಿ ಅಂಗಡಿಯಲ್ಲಿ ಕೇಳುತ್ತಾರೆ. ನನ್ನ ಗಂಡನ ಬಗ್ಗೆ ವಿಚಾರಿಸಲು ಅಪ್ಪ ಹಾನಗಲ್ಲಿಗೆ ಬಂದು ಒಂದೇ ದಿನ ಎರಡು ಕ್ಷೌರದ ಅಂಗಡಿಯಲ್ಲಿ ದಾಡಿ ಮಾಡಿಸಿಕೊಂಡಿದ್ದರು. (ಎರಡನೆಯ ಅಂಗಡಿಯಲ್ಲಿ ಕೆರೆಯಲು ಏನೂ ಉಳಿದಿರಲಿಲ್ಲವಂತೆ.)

"ನಡಿ, ಈ ನವಿಲಿಂದೂ ಮನಿತನ ವಿಚಾರಸೋಣು" ಎಂದೆ.

ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕುಳಿತೆವು. ಮಾಡಿದವರು ಯಾರು? ಹೆಸರಿರಬೇಕಾದ ಜಾಗದಲ್ಲಿ ಕನ್ನಡಕ ಹಾಕಿದ ಕಾರ್ಟೂನ್ ನರಿಗಳು. ಈ ಹಿಂದೆ ಏನು ಮಾಡಿದ್ದರು? ಸುದ್ದಿಯೇ ಇಲ್ಲ. ಯಾರಿಂದ ಯಾರಿಗೆ ಮಾರಾಟವಾಗಿದೆ? ಅದನ್ನು ಯಾರು ಬೇಕಾದರೂ ನೋಡಬಹುದಂತೆ, ನೋಡಿದೆವು. ಅವವೇ ಮೂರ್ನಾಲ್ಕು ಖಾತೆಗಳು ತಮ್ಮತಮ್ಮೊಳಗೇ ಕೊಟ್ಟು ತೆಗೆದುಕೊಂಡು ರೇಟ್ ಏರಿಸಿದ್ದವು. ಫಕ್ಕೀರೇಶನ ಮುಖ ಸಣ್ಣದಾಯಿತು. ಆದರೂ ಆಸೆ ಬಿಡಲಿಲ್ಲ.

"ಇದನ್ನ ತಗೊಂಡವ್ರಿಗೆ ಬಂಕಾಪುರದಾಗ ನವಿಲು ನೋಡಾಕ ಸ್ಪೆಷಲ್ ಪಾಸ್ ಕೊಡ್ತಾರಂತ ವೈನಿ. ಬರದಾರ ನೋಡ್ರಿ ಇಲ್ಲೆ."

ಬಂಕಾಪುರವೇ? ಅಮೆರಿಕ ಅಂದಿದ್ದರೆ ಸುಮ್ಮನಾಗುತ್ತಿದ್ದೆ. ಬಂಕಾಪುರಕ್ಕೆ ಬೈಕ್ ಸಾಕು.

ಭಾನುವಾರ ಹೋದೆವು. ನವಿಲುಗಳಿರುವ ಹಳೆಯ ಕೋಟೆಯ ಹತ್ತಿರ ಚಹಾ ಮಾರುವ ಅಜ್ಜಿಯನ್ನು ಪಾಸಿನ ಬಗ್ಗೆ ಕೇಳಿದೆ.

"ಎಂಥಾ ಪಾಸ್‌ರೀ ಯವ್ವಾ? ನವಿಲು ಮುಂಜಾನಿ ಬಂದು ನನ್ನ ಚುರುಮುರಿ ತಿಂದು ಹೋಗ್ತಾವು. ಅವೇನ ನನ್ನ ಪಾಸ್ ಕೇಳ್ತಾವೇನು?"

ಒಳಗೆ, ಬಿದ್ದ ಗೋಡೆಯೊಂದರ ಮೇಲೆ ನವಿಲು ಕುಳಿತಿತ್ತು. ಫಕ್ಕೀರೇಶ ರೂಢಿಯಂತೆ ಕ್ಯಾಮೆರಾ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ಮೊಬೈಲ್ ತೆಗೆದು ತಾನು ಕೊಳ್ಳಬೇಕೆಂದಿದ್ದ ನವಿಲನ್ನು ನೋಡಿದ. ಮತ್ತೆ ಗೋಡೆ ನೋಡಿದ. ಆ ಚಿತ್ರದಲ್ಲಿ ನವಿಲಿಗೆ ನೇರಳೆ ಬಣ್ಣ ಬಳಿದು, ತಲೆಗೆ ಕಿರೀಟ ಇಟ್ಟು, ಕೊರಳಿಗೆ ಬಂಗಾರದ ಸರ ಹಾಕಿದ್ದರು. ಕಾಲಡಿಯ ಗೋಡೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಅದೇ ಮುರಿದ ಕಲ್ಲು, ಅದೇ ಸಂದಿ, ಸಂದಿಯಲ್ಲಿ ಅದೇ ಅರಳಿ ಸಸಿ.

"ವೈನಿ... ಇದು ನಾ ತಗದ ಫೋಟೋ."

ಹೋದ ವರ್ಷ ತೆಗೆದು ಫೇಸ್‌ಬುಕ್‌ಗೆ ಹಾಕಿದ್ದನಂತೆ. ಸ್ಟುಡಿಯೋಗೆ ವಾಪಸು ಬಂದು ಹಳೆಯ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿದೆವು. ಸಂಶಯವೇ ಇಲ್ಲ. ಮೂಲೆಯಲ್ಲಿದ್ದ ಸ್ಟುಡಿಯೋ ಹೆಸರನ್ನು ನೀಟಾಗಿ ಅಳಿಸಿದ್ದರು.

ತನ್ನದೇ ಫೋಟೋವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದೆಂದರೇನು, ಅದೂ ಕ್ಯಾಮೆರಾದ ದುಡ್ಡು ಸುರಿದು! ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ. ಅವನ ಮುಖ ನೋಡಿದ ಮೇಲೆ ನನಗೂ ಸಿಟ್ಟು ಬಂತು. ಬಿಸಿಲಲ್ಲಿ ಕಾದು ಕುಳಿತು ತೆಗೆದವನು ಇವನು, ರೇಟ್ ಏರಿಸಿಕೊಂಡವರು ಆ ನರಿಗಳು.

ನವಿಲನ್ನು ಮಾರಾಟಕ್ಕಿಟ್ಟ ವೆಬ್‌ಸೈಟಿಗೆ ದೂರು ಕೊಟ್ಟಿದ್ದಾನೆ. ಉತ್ತರ ಬಂದಿಲ್ಲ. ಹುಬ್ಬಳ್ಳಿಯಿಂದ ಹೊಸ ಕ್ಯಾಮೆರಾ ಮಾತ್ರ ಬಂದಿದೆ. ಅದರ ಜೊತೆ ಒಂದು ಹೊಸ ಮಾತೂ ಬಂದಿದೆ.

"ವೈನಿ, ನನ್ನ ಫೋಟೋಕ್ಕ ಅಷ್ಟು ರೇಟ್ ಹಚ್ಯಾರ ಅಂದ್ರ, ನಾ ಯಾಕ ಕಡಿಮಿ ತಗೋಬೇಕು?"

ಮಾತೇನೋ ಸರಿ. ಆದರೆ ಮುಂದಿನ ತಿಂಗಳು ನಮ್ಮ ಮನೆಯಲ್ಲಿ ತೊಟ್ಟಿಲು ಕಾರ್ಯಕ್ರಮವಿದೆ. ಇಷ್ಟು ವರ್ಷ ಬರೀ ಹೋಳಿಗೆ ಊಟಕ್ಕೇ ಫೋಟೋ ತೆಗೆದುಕೊಡುತ್ತಿದ್ದ ಮೈದುನನಿಗೆ, ಈ ಸಲ ನಾನು ಯಾವ ರೇಟ್ ಹೇಳಲಿ?