ಪೊನ್ನಕ್ಕ ಕಟ್ಟಿದ ಸೇತುವೆ

ಜಯನಗರದ ರಸ್ತೆಗಳಿಗೆ ಇನ್ನೂ ಗೆರೆ ಎಳೆಯುತ್ತಿದ್ದ ಕಾಲ ಅದು. ನಮ್ಮ ಸುದ್ದಗುಂಟೆಪಾಳ್ಯದ ಸುತ್ತ ರಾಗಿ ಹೊಲಗಳಿದ್ದವು. ಊರಿಗೂ ನನ್ನ ಸ್ಕೂಲಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಲಂಗ ಎತ್ತಿಕೊಂಡು ದಾಟುತ್ತಿದ್ದೆವು. ಜೋರು ಮಳೆ ಬಂದರೆ ಸ್ಕೂಲೇ ಇಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಆ ಹಳ್ಳಕ್ಕೆ ಸೇತುವೆ ಕಟ್ಟತೊಡಗಿದರು. ಸೇಲಂ ಕಡೆಯ ಕೆಲಸದವರು ದಡದಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಸಂಜೆ ನಾವು ಅವರ ಮರಳುಗುಡ್ಡೆಯ ಮೇಲಿಂದ ಜಾರುತ್ತಿದ್ದೆವು. ಹಸಿ ಗಾರೆಯ ವಾಸನೆಯ ಜೊತೆ ಅವರ ಒಲೆಯ ಕರುವಾಡಿನ, ಅಂದರೆ ಒಣಮೀನಿನ, ವಾಸನೆ ಬೆರೆತು ಬರುತ್ತಿತ್ತು. ಗಾರೆ ಹೊರುವ ಪೊನ್ನಕ್ಕ ಮಾತ್ರ ನಮ್ಮನ್ನು ಗದರುತ್ತಿರಲಿಲ್ಲ. ನಾನು ಮನೆಯಿಂದ ಹುಚ್ಚೆಳ್ಳು ಚಟ್ನಿ ಒಯ್ದರೆ, ಅವರು ಹುರಿದ ಹುಣಸೆಬೀಜ ಕೊಡುತ್ತಿದ್ದರು.

ಆಗ ಎಂಟನೇ ಕ್ಲಾಸಿಗೂ ಇದ್ದ ಪಬ್ಲಿಕ್ ಪರೀಕ್ಷೆಯ ಮೊದಲ ದಿನವೇ ಮುಂಜಾನೆ ಮಾವಿನ ಮಳೆ ಸುರಿಯಿತು. ಹಳ್ಳ ಕೆಂಪಗೆ ತುಂಬಿತ್ತು.

"ಬೇಡ ಕಣಮ್ಮ. ಮುಂದಿನ್ ವರ್ಷ ಬರೆದ್ರಾಯ್ತು" ಅಂದರು ದಡದಲ್ಲಿ ನನ್ನ ಜೊತೆ ನಿಂತಿದ್ದ ಅಪ್ಪ.

ಮುಂದಿನ ವರ್ಷ ಅಂದರೆ ಮದುವೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೇತುವೆಯ ಕಲ್ಲುಕಂಬಗಳಷ್ಟೇ ಎದ್ದಿದ್ದವು. ಗಾರೆ ಸಾಗಿಸಲು ಕಂಬದಿಂದ ಕಂಬಕ್ಕೆ ಹಲಗೆ ಹಾಸಿದ್ದರು. ನಾನು ಅಳುವುದನ್ನು ಕಂಡು ಪೊನ್ನಕ್ಕ ಬಾಂಡ್ಲಿ ಇಳಿಸಿ ಬಂದರು.

"ಯಾಕೆ ಪಾಪಾ?"

"ಪರೀಕ್ಷೆ ಇದೆ ಅಕ್ಕ."

ಅವರು ಹಲಗೆಯತ್ತ ನೋಡಿದ್ದೇ ತಡ, ಮೇಸ್ತ್ರಿ ದೂರದಿಂದ ಕೂಗಿದರು. "ಊರೋರನ್ನ ಹತ್ತಿಸ್ಬೇಡ. ಬಿದ್ರೆ ನಾನ್ ಜವಾಬ್ದಾರಿ ಅಲ್ಲ."

"ನಾನು ಜವಾಬ್ದಾರಿ" ಅಂದ ಪೊನ್ನಕ್ಕ ಅಪ್ಪನ ಕಡೆ ತಿರುಗಿದರು. "ದಿನಾ ತಲೆ ಮೇಲೆ ಗಾರೆ ಹೊತ್ಕೊಂಡು ಇದ್ರ ಮೇಲೇ ಓಡಾಡ್ತೀನಿ ಅಣ್ಣ. ಕಳಿಸಿ."

ಅಪ್ಪ ಬಗ್ಗಿ ಹಲಗೆಯನ್ನು ಕೈಯಿಂದ ಒತ್ತಿ ನೋಡಿದರು. ಆಮೇಲೆ ನನ್ನ ಚಪ್ಪಲಿ ಬಿಚ್ಚಿಸಿ ತಾವೇ ಹಿಡಿದುಕೊಂಡರು.

ಪೊನ್ನಕ್ಕ ಸೆರಗಿನ ತುದಿಯನ್ನು ನನ್ನ ಮುಂಗೈಗೆ ಸುತ್ತಿದರು. "ನೀರ್ ನೋಡ್ಬೇಡ. ನನ್ ಹಿಮ್ಮಡಿ ನೋಡ್ಕೊಂಡ್ ಬಾ."

ನಡುವೆ ಹಲಗೆ ತೂಗಿತು. ನಾನು ನಿಂತುಬಿಟ್ಟೆ. ಅವರೂ ನಿಂತರು. ಎಳೆಯಲಿಲ್ಲ, ಬೈಯಲಿಲ್ಲ. ನಾನು ಕಾಲೆತ್ತುವವರೆಗೂ ಕಾದರು.

ಬರಿಗಾಲಲ್ಲೇ ಪರೀಕ್ಷೆ ಬರೆದೆ. ಮಧ್ಯಾಹ್ನ ಮರಳುವಾಗ ನೀರು ಇಳಿದಿತ್ತು. ಅಪ್ಪ ಚಪ್ಪಲಿ ಹಿಡಿದು ಅದೇ ಜಾಗದಲ್ಲಿ ನಿಂತಿದ್ದರು. ಹೇಗೆ ಬರೆದೆ ಎಂದು ಕೇಳಲಿಲ್ಲ.

"ನಾಳೆ ಎಷ್ಟ್ ಗಂಟೆಗೆ?" ಅಂದರು.

ಪಾಸಾದೆ. ಅಮ್ಮ ಹೋಳಿಗೆ ಮಾಡಿ ಕಳಿಸಿದಾಗ ಪೊನ್ನಕ್ಕ ಕೈ ತೊಳೆದು ಬಂದು, ಅರ್ಧ ಮುರಿದು ಮೊದಲು ನನ್ನ ಬಾಯಿಗಿಟ್ಟರು. ಮುಂಗಾರಿನ ಹೊತ್ತಿಗೆ ಸೇತುವೆ ಮುಗಿಯಿತು. ಅವರ ಗುಂಪು ಬೇರೆ ಕೆಲಸಕ್ಕೆ ಹೊರಟುಹೋಯಿತು. ನಾನು ಮುಂದೆ ಓದಿ ಟೀಚರ್ ಆದೆ. ರಿಟೈರ್ ಆಗುವವರೆಗೂ ಅದೇ ಸೇತುವೆ ದಾಟಿ ಸ್ಕೂಲಿಗೆ ಹೋದೆ.

ಹಳ್ಳ ಈಗ ಕಾಂಕ್ರೀಟಿನ ಮೋರಿ. ಮೊನ್ನೆ ಬಸ್ಸಿನಲ್ಲಿ ಹೋಗುವಾಗ, ಮೆಟ್ರೋ ಕಂಬ ಕಟ್ಟುತ್ತಿದ್ದ ಹೆಂಗಸೊಬ್ಬಳು ತಗಡಿನ ಗೋಡೆಯ ಸಂದಿನಲ್ಲಿ ನಿಂತು ನೀರು ಕುಡಿಯುತ್ತಿದ್ದಳು. ನಾನು ಕಿಟಕಿಯಿಂದ ಕೈ ಎತ್ತಿದೆ. ತನಗಲ್ಲ ಎಂದುಕೊಂಡು ಅವಳು ಹಿಂದೆ ತಿರುಗಿ ನೋಡಿದಳು.