ಬಳೆಯ ಅಳತೆಗೆ ಕೊಟ್ಟ ಕೈ

ಗಲ್ಫಿಗೆ ಬಂದ ರಾಜಕಾರಣಿ ಶಾಲು ಹೊದೆಸಿಕೊಳ್ಳದೆ ಊರಿಗೆ ಮರಳಿದ್ದನ್ನು ನಾನಂತೂ ಕಂಡಿಲ್ಲ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಒಂಟೆ. ಈತ ಊರಿನಲ್ಲಿ ಯಾರ ಜಾಗ ನುಂಗಿದವನು ಎಂದು ಯಾರೂ ಕೇಳುವುದಿಲ್ಲ. ಬಂದವನಿಗೆ ಸನ್ಮಾನ, ಮಾಡಿದವರಿಗೆ ಅವನ ಪಕ್ಕದಲ್ಲಿ ನಿಂತ ಫೋಟೋ. ಅಬುಧಾಬಿಯ ನಮ್ಮ ಸಂಘ ಇಷ್ಟರ ಮೇಲೆಯೇ ವರ್ಷಗಟ್ಟಲೆ ಬದುಕಿತ್ತು. ನಾನೂ ಅಲ್ಲಿ ಆರತಿ ತಟ್ಟೆ ಹಿಡಿದು ನಿಂತವಳೇ, ಹಾಗಾಗಿ ಬೈಯುವ ಹಕ್ಕು ನನಗಿದೆ.

ಆ ಸಲ ಬಂದವರು ನಮ್ಮ ಕರಾವಳಿಯ ಕಡೆಯ ಸಂಸದರು. ಅವರಿಂದ ನನಗೊಂದು ಕೆಲಸ ಆಗಬೇಕಿತ್ತು.

ನನ್ನ ತಮ್ಮ ಊರಿನಲ್ಲಿ ಒಂದು ಸಣ್ಣ ಸಂಜೆ ಪತ್ರಿಕೆಯ ವರದಿಗಾರನಾಗಿದ್ದ. ಮರಳಿನ ಲಾರಿಗಳನ್ನು ಠಾಣೆಯವರೇ ಮುಂದೆ ನಿಂತು ಸೇತುವೆ ದಾಟಿಸುತ್ತಾರೆ ಎಂದು ಬರೆದ. ವಿಚಾರಣೆಗೆಂದು ಠಾಣೆಗೆ ಕರೆಸಿದರು. ಹೊರಗೆ ಬಂದಾಗ ಅವನ ಬಲಗೈಯ ಬೆರಳುಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ದೂರು ಕೊಟ್ಟರೆ ತನಿಖೆ ಮಾಡಲು ಬಂದವನು ಅದೇ ಠಾಣೆಯ ಇನ್ಸ್‌ಪೆಕ್ಟರ್. ಹೊಡೆಸಿದವನೇ ಹೊಡೆದಿಲ್ಲವೆಂದು ವರದಿ ಕೊಟ್ಟ, ಹುಡುಗ ಮೆಟ್ಟಿಲಿನಿಂದ ಬಿದ್ದದ್ದಂತೆ. ಪತ್ರಿಕೆಯ ಮಾಲೀಕರು ಹೆದರಿ ತಮ್ಮನನ್ನು ಮನೆಗೆ ಕಳಿಸಿದರು. ಅವನು ಮನೆಯಲ್ಲಿ ಕೂತು ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದ. ಅಕ್ಷರಗಳು ಒಂದನೇ ಕ್ಲಾಸಿನ ಮಕ್ಕಳದ್ದರ ಹಾಗೆ ಇರುತ್ತಿದ್ದವು.

ಆ ಸಲದ ಸಂಸತ್ತಿನ ಅಧಿವೇಶನದಲ್ಲಿ ಸದಸ್ಯರೊಬ್ಬರ ಖಾಸಗಿ ಮಸೂದೆ ಚರ್ಚೆಗೆ ಬರುವುದಿತ್ತು. ಪೊಲೀಸರ ಮೇಲಿನ ದೂರನ್ನು ಪೊಲೀಸರಲ್ಲದವರ ಮಂಡಳಿ ವಿಚಾರಿಸಬೇಕು, ಬರೆದದ್ದಕ್ಕಾಗಿ ವರದಿಗಾರನನ್ನು ಠಾಣೆಗೆ ಎಳೆಯಬಾರದು ಎನ್ನುವ ಮಸೂದೆ. ಅಂಥದ್ದು ಪಾಸಾಗುವುದಿಲ್ಲವೆಂದು ತಮ್ಮನಿಗೂ ಗೊತ್ತಿತ್ತು. ನಮ್ಮ ಸಂಸದರು ಸದನದಲ್ಲಿ ಎದ್ದು ನಿಂತು ಅವನ ಹೆಸರನ್ನೊಮ್ಮೆ ಹೇಳಿದರೆ ಸಾಕು ಎನ್ನುತ್ತಿದ್ದ. ಅಲ್ಲಿ ಹೇಳಿದ್ದು ದಾಖಲೆಗೆ ಹೋಗುತ್ತದೆ, ಆಮೇಲೆ ಮೆಟ್ಟಿಲಿನ ಕಥೆ ನಡೆಯುವುದಿಲ್ಲ, ಮಾಲೀಕರಿಗೂ ಧೈರ್ಯ ಬರುತ್ತದೆ ಎನ್ನುವುದು ಅವನ ನಂಬಿಕೆ.

ಸನ್ಮಾನದ ವೇದಿಕೆಯಲ್ಲೇ ಕೇಳಿಬಿಡುತ್ತೇನೆ ಎಂದಾಗ ಸಂಘದ ಅಧ್ಯಕ್ಷರು ಎಸಿಯಲ್ಲೂ ಬೆವರಿದರು.

“ತಂಗೀ, ಇದು ಗಲ್ಫ್. ಮೈಕಲ್ಲಿ ಪೊಲೀಸ್, ಪೇಪರ್ ಅಂತ ಎಂತದೂ ಬೇಡ ಮಾರಾಯ್ತಿ. ಹಾಲ್‌ಗೆ ಪರ್ಮಿಷನ್ ಸಿಕ್ಕಿದ್ದೇ ಕಲ್ಚರಲ್ ಪ್ರೋಗ್ರಾಮ್ ಅಂತ.”

“ನಾನು ಹೇಳುದು ನಮ್ಮೂರಿನ ಪೊಲೀಸರ ವಿಷಯ ಅಲ್ವಾ?”

“ಕೇಳುವವ ಊರು ಯಾವುದು ಅಂತ ವಿಚಾರಿಸಿ ಕೇಳ್ತಾನಾ? ನನ್ನ ವೀಸಾ ಹೋದ್ರೆ ನೀನು ಕೊಡ್ತೀಯಾ? ಖಲಾಸ್, ಬಿಟ್ಬಿಡು. ನಾಳೆ ಅವರಿಗೆ ದುಬೈಯಲ್ಲಿ ಚಿನ್ನ ತಗೊಳ್ಳಿಕ್ಕುಂಟು. ನಿನ್ನ ಗಂಡನ ಕಾರಲ್ಲೇ ಹೋಗುವ. ಅಲ್ಲಿ ಹೇಳು.”

ಮರುದಿನ ಕಾರಿನಲ್ಲಿ ಸಂಸದರು ನನ್ನ ಗಂಡನ ಪಕ್ಕ ಕೂತರು, ಅಧ್ಯಕ್ಷರೂ ನಾನೂ ಹಿಂದೆ. ದಾರಿಯಲ್ಲಿ ಅವರು ತಿರುಗಿ, “ಇಲ್ಲಿ ರಾತ್ರಿ ಹೆಂಗಸರು ಒಬ್ಬೊಬ್ರೇ ಓಡಾಡ್ತಾರಂತೆ. ಭಯ ಇಲ್ವಾ ತಂಗಿ?” ಎಂದು ಕೇಳಿದರು. “ಭಯ ಎಂತ ಇಲ್ಲ ಸರ್” ಎಂದೆ. ಮನೆಗೆ ಬಂದವರು ಊಟ ಆಯ್ತಾ ಎನ್ನುವ ಹಾಗೆ ಕೇಳಿದ್ದರು, ನಾನೂ ಹಾಗೆಯೇ ಉತ್ತರಿಸಿದೆ.

ದುಬೈಯ ನೈಫ್ ಹತ್ತಿರದ ಚಿನ್ನದ ಅಂಗಡಿಯಲ್ಲಿ ಹೆಂಡತಿಯ ಬಳೆಯ ಅಳತೆ ಅವರಿಗೆ ಮರೆತುಹೋಗಿತ್ತು. ನನ್ನ ಕೈ ನೋಡಿದರು. “ಒಮ್ಮೆ ಕೈ ಕೊಡಿ ತಂಗಿ. ನನ್ನ ಮಿಸೆಸ್‌ದೂ ಹೆಚ್ಚುಕಮ್ಮಿ ಇದೇ ಸೈಜ್.” ಅಂಗಡಿಯವನು ನನ್ನ ಬಲಗೈಗೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ ಅದರ ಮೇಲಿಂದ ಬಳೆ ಜಾರಿಸಿದ. ಒಂದಾದ ಮೇಲೆ ಒಂದು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದುಕೊಂಡು ಬಾಯಿ ತೆರೆದೆ.

“ಸರ್, ನನ್ನ ತಮ್ಮನ ಬೆರಳು ಮುರಿದದ್ದು ಠಾಣೆಯಲ್ಲಿ.”

“ಅಯ್ಯೋ ಪಾಪ. ಇದು ಸ್ವಲ್ಪ ಟೈಟ್ ಆಯ್ತಾ?”

“ಬಲಗೈ ಸರ್. ಪೆನ್ನು ಹಿಡಿಲಿಕ್ಕೆ ಆಗುದಿಲ್ಲ ಅವನಿಗೆ.”

“ಛೆ ಛೆ. ಆ ಮೂಲೇದು ತೋರ್ಸಿ ನೋಡುವ, ಕಲ್ಲಿದ್ದದ್ದು.”

ನಾನು ಇನ್ಸ್‌ಪೆಕ್ಟರ್ ಬಗ್ಗೆ ಹೇಳಿದೆ, ಮೆಟ್ಟಿಲಿನ ಬಗ್ಗೆ ಹೇಳಿದೆ, ಮಸೂದೆಯ ಬಗ್ಗೆ ಹೇಳಿದೆ. ಹೇಳುತ್ತ ಅಳು ಬಂತು. ಕಣ್ಣೊರೆಸೋಣವೆಂದರೆ ಕೈ ಅವರ ಹೆಂಡತಿಯದಾಗಿತ್ತು. ಸಂಸದರು ಬಳೆಯಿಂದ ಕಣ್ಣೆತ್ತಿ, “ಅಳ್ಬೇಡಿ ತಂಗಿ. ಈ ಸಲ ಸದನದಲ್ಲಿ ಎತ್ತುದೇ. ಮಾತು ಕೊಟ್ಟೆ” ಎಂದರು. ಬಳೆ ತೆಗೆಯುವಾಗ ಗೆಣ್ಣು ಕೆಂಪಾಯಿತು. ಬಿಲ್ಲನ್ನು ಸಂಘ ಕೊಟ್ಟಿತು.

ನಾನು ತಮ್ಮನಿಗೆ ಹೇಳಿದೆ. ಅವನು ಊರಿಗೆಲ್ಲ ಹೇಳಿದ. ದುಬೈಯಲ್ಲಿ ಅಕ್ಕ ಸಂಸದರನ್ನು ಒಪ್ಪಿಸಿದ್ದಾಳೆ, ಶುಕ್ರವಾರ ಟಿವಿ ನೋಡಿ ಎಂದು ಹಳೆಯ ಮಾಲೀಕರಿಗೆ, ಹೋಟೆಲಿನವರಿಗೆ, ಕೋರ್ಟಿನ ಗುಮಾಸ್ತರಿಗೆ. ಠಾಣೆಯವರು ಅದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ.

ದೆಹಲಿಯಲ್ಲಿ ಖಾಸಗಿ ಮಸೂದೆಗಳಿಗೆ ಶುಕ್ರವಾರದ ಮಧ್ಯಾಹ್ನ, ನಮಗೆ ಇಲ್ಲಿ ಆಗೆಲ್ಲ ಶುಕ್ರವಾರ ರಜೆ. ನಮ್ಮ ಸಂಸದರು ಮಾತಾಡುತ್ತಾರೆಂದು ಅಧ್ಯಕ್ಷರು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ತಮ್ಮ ವಿಲ್ಲಾದಲ್ಲಿ ಕೋರಿ ರೊಟ್ಟಿಯ ಊಟ ಇಟ್ಟರು. ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೆ ಜೋಡಿಸಿದರು. ಪರದೆಯ ಮೇಲೆ ಬರೀ ಖಾಲಿ ಬೆಂಚುಗಳು. ಸದಸ್ಯರು ವಾರದ ಕೊನೆಗೆಂದು ವಿಮಾನ ಹತ್ತಿಯಾಗಿತ್ತು. “ಮಮ್ಮಾ, ವೇರ್ ಈಸ್ ಎವ್ರಿಬಡಿ?” ಎಂದಳು ಮಗಳು. ನಮ್ಮವರು ಇದ್ದಾರಲ್ಲ ಎಂದು ನಾನು ಹೆಮ್ಮೆಯಿಂದಲೇ ತೋರಿಸಿದೆ.

ಅವರು ಎದ್ದರು. ಕನ್ನಡದಲ್ಲೇ ಶುರು ಮಾಡಿದರು.

“ಸಭಾಧ್ಯಕ್ಷರೇ, ನಾನು ಮೊನ್ನೆ ದುಬೈಗೆ ಹೋಗಿದ್ದೆ.”

ಕೋಣೆಯಲ್ಲಿ ಶಿಳ್ಳೆ.

“ಅಲ್ಲಿ ನಮ್ಮೂರಿನ ಒಬ್ಬ ಸಹೋದರಿ ಕಣ್ಣೀರು ಹಾಕುತ್ತ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದಳು.”

ನನ್ನ ಗಂಡ ನನ್ನ ಭುಜ ಹಿಡಿದರು. ಈಗ ಬರುತ್ತದೆ ತಮ್ಮನ ಹೆಸರು ಎಂದುಕೊಂಡೆ.

“ಆ ಕೈ ತುಂಬ ಚಿನ್ನದ ಬಳೆಗಳು. ‘ಅಣ್ಣಾ, ಇಷ್ಟು ಚಿನ್ನ ಹಾಕಿಕೊಂಡು ನಾನು ಇಲ್ಲಿ ರಾತ್ರಿ ಒಬ್ಬಳೇ ಓಡಾಡುತ್ತೇನೆ, ನನಗೆ ಭಯ ಎಂಬುದೇ ಇಲ್ಲ. ನಮ್ಮೂರಿನಲ್ಲಿ ಯಾಕೆ ಹೀಗಿಲ್ಲ’ ಎಂದು ಅತ್ತಳು. ನಾನೂ ಕೇಳುತ್ತೇನೆ, ಯಾಕಿಲ್ಲ? ಅಲ್ಲಿ ಪೊಲೀಸರ ತಲೆಯ ಮೇಲೆ ಇಂಥ ಮಂಡಳಿ ಕೂತಿಲ್ಲ. ಬೆಳಗಾದರೆ ಪೊಲೀಸರನ್ನು ಬೈಯುವ ಪತ್ರಿಕೆಗಳಿಲ್ಲ. ನಮ್ಮ ಪೊಲೀಸರ ಕೈ ಕಟ್ಟಬೇಡಿ. ಆ ಸಹೋದರಿಯ ಕಣ್ಣೀರಿಗಾಗಿ ನಾನು ಈ ಮಸೂದೆಯನ್ನು ವಿರೋಧಿಸುತ್ತೇನೆ.”

ಚಪ್ಪಾಳೆ ದೆಹಲಿಗಿಂತ ನಮ್ಮ ಕೋಣೆಯಲ್ಲಿ ಜೋರಾಗಿತ್ತು. “ನಮ್ಮ ಸಂಘದ ಹೆಂಗಸು ಪಾರ್ಲಿಮೆಂಟಲ್ಲಿ!” ಎಂದು ಅಧ್ಯಕ್ಷರು ಕೂಗಿದರು. “ಮಮ್ಮಾ, ದಟ್ಸ್ ಯೂ!” ಎಂದು ಮಗಳು ಕುಣಿದಳು. ಯಾರೋ ನನ್ನ ಬಾಯಿಗೆ ಲಾಡು ತುರುಕಿದರು. ಇನ್ನೊಬ್ಬಳು ನನ್ನ ಬಲಗೈಯನ್ನು ಮೇಲೆತ್ತಿ, “ಇದೇ ಕೈ ನೋಡಿ!” ಎಂದಳು. ಅದರಲ್ಲಿ ಒಂದು ಸ್ಟೀಲ್ ವಾಚ್ ಬಿಟ್ಟು ಏನೂ ಇರಲಿಲ್ಲ, ಅದು ಯಾರಿಗೂ ಕಾಣಲಿಲ್ಲ. ಅದೇ ಕೈಯಲ್ಲಿ ಅಲ್ಲಿದ್ದವರ ಕೆನ್ನೆಗೆಲ್ಲ ಒಂದೊಂದು ಬಿಗಿಯಬೇಕೆನಿಸಿತು. ಈಗಲೂ ಅನಿಸುತ್ತದೆ.

ಲಾಡು ನುಂಗಿ ಅಧ್ಯಕ್ಷರಿಗೆ ಹೇಳಿದೆ: “ನೀವೂ ಅಂಗಡಿಯಲ್ಲಿ ಇದ್ರಿ. ನಾನು ಹೇಳಿದ್ದು ಎಂತ ಅಂತ ನಿಮಗೆ ಗೊತ್ತುಂಟು.”

“ಭಯ ಇಲ್ಲ ಅಂತ ಕಾರಲ್ಲಿ ನೀನೇ ಹೇಳಿದ್ದಲ್ವಾ?” ಎಂದರು. “ಅಷ್ಟು ದೊಡ್ಡ ಮನುಷ್ಯ ನಿನ್ನನ್ನು ನೆನಪಿಟ್ಟುಕೊಂಡಿದ್ದಾರೆ. ಖುಷಿ ಪಡು.”

ನನ್ನ ಗಂಡ ತಟ್ಟೆಯ ಕೋಳಿಸಾರಿನಲ್ಲಿ ರೊಟ್ಟಿ ನೆನೆಸುತ್ತಿದ್ದರು.

ಊರಿನಿಂದ ಮಿಸ್ ಕಾಲ್ ಬಂತು. ತಮ್ಮ ಯಾವಾಗಲೂ ಹಾಗೆ, ಅವನು ಮಿಸ್ ಕಾಲ್ ಕೊಡುವುದು, ನಾನು ಮಾಡುವುದು. ಅಂಗಳಕ್ಕೆ ಹೋಗಿ ಎಸಿಗಳ ಬಿಸಿಗಾಳಿಯಲ್ಲಿ ನಿಂತು ಮಾಡಿದೆ.

“ಅಕ್ಕ, ಆ ಕೈ ನಿಂದಾ?”

“ಅವರ ಹೆಂಡತಿಗೆ ಬಳೆ ನೋಡ್ಲಿಕ್ಕೆ ಹಾಕಿದ್ದು. ನಾನು ಹೇಳಿದ್ದು ಪೂರ್ತಿ ನಿನ್ನ ವಿಷಯವೇ, ದೇವರಾಣೆ.”

“ನಂಗೆ ಗೊತ್ತುಂಟು” ಎಂದ. “ನೀನು ಅಳ್ಬೇಡ. ಈಗ ಇನ್ಸ್‌ಪೆಕ್ಟರ್ ಫೋನ್ ಮಾಡಿದ್ರು, ಅದನ್ನು ಹೇಳ್ಲಿಕ್ಕೆ ಮಿಸ್ ಕಾಲ್ ಕೊಟ್ಟದ್ದು. ಅಕ್ಕನಿಗೆ ಥ್ಯಾಂಕ್ಸ್ ಹೇಳು ಅಂದ್ರು. ನಂಗೆ ಸೋಮವಾರ ಠಾಣೆಗೆ ಬರ್ಲಿಕ್ಕೆ ಹೇಳಿದ್ದಾರೆ.”

“ಎಂತಕ್ಕಂತೆ?”

“ಹೇಳ್ಲಿಲ್ಲ. ಎಡಗೈಯಲ್ಲಿ ಬರೀಲಿಕ್ಕೆ ಬರ್ತದಾ ಈಗ ಅಂತ ಕೇಳಿದ್ರು.”